ರಾಜಕುಮಾರಿಯ ಉಡಿ ತುಂಬಲು ಹೋದವರು

ಬಸವನ ಬಾಗೇವಾಡಿ

ನಾನು ಪರದೇಶಕ್ಕೆ ಹೋಗಿಬಂದದ್ದು ನನ್ನ ಇಂಗ್ಲಿಷಿನ ಬಲದಿಂದ ಎಂದು ಸಿಂದಗಿಯ ನಮ್ಮ ಶಾಲೆಯಲ್ಲಿ ಎಲ್ಲರೂ ತಿಳಿದಿದ್ದಾರೆ. ಅಲ್ಲಿ ಇಂಗ್ಲಿಷ್ ಕಲಿಸುವವಳು ನಾನೇ ಆದ್ದರಿಂದ ಹಾಗೆ ತಿಳಿಯುವುದು ಸಹಜ, ನಾನೂ ತಿದ್ದಲು ಹೋಗಿಲ್ಲ. ನಿಜವಾದ ಕಾರಣ ಬೇರೆ. ನನ್ನ ಗಂಡ ಬದುಕಿದ್ದಾನೆ, ಅದಕ್ಕೇ ನನ್ನನ್ನು ಕರೆದುಕೊಂಡು ಹೋದರು.

ಕರೆದುಕೊಂಡು ಹೋದವರು ಇಂಡಿ ಊರಿನ ವಿಮಲಾ ಅಕ್ಕಾರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರು ಎನ್ನುತ್ತೇವೆ. ಮೋರಟಗಿಯಲ್ಲಿ ನನಗೆ ಅಕ್ಷರ ಕಲಿಸಿದವರು ಇವರೇ. ಹೆಡ್‌ಮಾಸ್ತರಿಕೆ ಮಾಡಿ ನಿವೃತ್ತರಾದ ಮೇಲೆ ಬಾಗೇವಾಡಿಯ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದಾರೆ. ನನ್ನ ತಲೆಯಲ್ಲಿ ಬಿಳಿಕೂದಲು ಬಂದಿದ್ದರೂ ಅವರಿಗೆ ನಾನಿನ್ನೂ ಮಗ್ಗಿ ತಪ್ಪುವ ಸುಮ್ಮಿ.

ಹಳೆಯ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದಾಗ ಆ ಕಡೆಯ ಹುಡುಗಿಯರ ಓದು ನಿಲ್ಲಬಾರದೆಂದು ಯುರೋಪಿನ ಉತ್ತರಕ್ಕಿರುವ ಒಂದು ಪುಟ್ಟ ದೇಶದವರು ಈ ಹಾಸ್ಟೆಲ್ ಕಟ್ಟಿಸಿದರು. ದೇಶದ ಹೆಸರು ಹೇಳುವುದಿಲ್ಲ. ಅಲ್ಲಿಯ ಅಂಗಡಿಯೊಂದರಲ್ಲಿ ಅಕ್ಕಾರು ಏನು ಮಾಡಿದರು ಎಂಬುದನ್ನು ಓದಿದ ಮೇಲೆ ಯಾಕೆಂದು ನಿಮಗೇ ತಿಳಿಯುತ್ತದೆ. ಅಲ್ಲಿ ಇನ್ನೂ ರಾಜ ಇದ್ದಾನೆ. ರಾಜನ ತಂಗಿ, ರಾಜಕುಮಾರಿ, ಹಾಸ್ಟೆಲ್ ಕಟ್ಟಿಸಿದ ಸಂಸ್ಥೆಗೆ ಪೋಷಕಿ. ಆಕೆ ನಮ್ಮ ಕಡೆ ಎಂದೂ ಬಂದವರಲ್ಲ. ಊಟದ ಕೋಣೆಯಲ್ಲಿ ಫೋಟೋ ಮಾತ್ರ ಇದೆ. ಹುಡುಗಿಯರು ಅದಕ್ಕೆ 'ನಮ್ಮ ರಾಣಿ' ಅಂದು ಶುಕ್ರವಾರ ಹೂ ಏರಿಸುತ್ತಾರೆ, ಪರೀಕ್ಷೆ ಬಂದರೆ ದಿನಾಲೂ ಏರಿಸುತ್ತಾರೆ.

ಈ ರಾಜಕುಮಾರಿಗೆ ವಯಸ್ಸಾಯಿತು, ತಮ್ಮ ಹೆಸರಿನಲ್ಲಿ ನಡೆಯುವ ದಾನಧರ್ಮದ ಕೆಲಸಗಳನ್ನು ಕಡಿಮೆ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಬಿಡುವ ಮುಂಚೆ ಎಲ್ಲ ಸಂಸ್ಥೆಗಳವರನ್ನೂ ಅರಮನೆಗೆ ಚಹಾಕ್ಕೆ ಕರೆದಿದ್ದರು. ಅವರು ಕೈಬಿಟ್ಟರೆ ಬರುವ ಜೂನ್‌ಗೆ ಹಾಸ್ಟೆಲ್ ಬಾಗಿಲು ಹಾಕಬೇಕು. ಹುಡುಗಿಯರು ತಿರುಗಿ ಊರಿಗೆ ಹೋಗಬೇಕು, ಅಲ್ಲಿ ಅರ್ಧ ಜನಕ್ಕೆ ವರ ಆಗಲೇ ಗೊತ್ತಾಗಿದ್ದಾನೆ. ನನಗೆ ಅಳು ಬಂತು. ಅಕ್ಕಾರಿಗೆ ಉಪಾಯ ಬಂತು.

"ಅಲ್ಲಿ ಹೋಗಿ ಬೇಡಾಕ ನಾ ತಯಾರಿಲ್ಲ. ಆಕಿ ಉಡಿ ತುಂಬಿ ಬರೂಣು," ಎಂದರು. "ಉಡಿ ತುಂಬಿಸಿಕೊಂಡ ಮ್ಯಾಲ ಆಕಿ ನಮ್ಮ ಮನಿ ಮಗಳು. ಮಗಳಾದಾಕಿ ತವರಮನಿ ಬಾಗಿಲಾ ಮುಚ್ಚಸ್ತಾಳೇನು?"

ಉಪಾಯಕ್ಕೆ ಒಂದೇ ತೊಡಕು. ಉಡಿ ತುಂಬುವವಳು, ಎಂದರೆ ಮಡಿಲಿಗೆ ಅಕ್ಕಿ, ತೆಂಗಿನಕಾಯಿ ಹಾಕುವವಳು, ಮುತ್ತೈದೆಯಾಗಿರಬೇಕು. ಅಕ್ಕಾರು ಮದುವೆಯೇ ಆದವರಲ್ಲ. ಯಾವುದೇ ಮನೆಯ ಕಾರ್ಯದಲ್ಲಿ ಉಡಿ ತುಂಬುವ ಹೊತ್ತಿಗೆ "ಪಂಕ್ತಿ ನೋಡತೇನಿ" ಎಂದು ಎದ್ದು ಅಡುಗೆಮನೆಯ ಕಡೆ ಹೋಗಿಬಿಡುವುದು ಅವರ ರೂಢಿ. ಹಾಸ್ಟೆಲಿನ ಅಡುಗೆಯ ಗಂಗವ್ವನ ಗಂಡ ತೀರಿಕೊಂಡಿದ್ದ. ವಾರ್ಡನ್ನಿನ ಗಂಡ ಬದುಕಿದ್ದ, ಆದರೆ ಅವಳಿಗೆ ಪಾಸ್‌ಪೋರ್ಟ್ ಇರಲಿಲ್ಲ. ಗಂಡ, ಪಾಸ್‌ಪೋರ್ಟ್ ಎರಡೂ ಚಾಲ್ತಿಯಲ್ಲಿದ್ದವಳು ನಾನೊಬ್ಬಳೇ.

ನನ್ನ ಗಂಡನಿಗೆ ಮುದ್ದೇಬಿಹಾಳದಲ್ಲಿ ನೌಕರಿ. ಅವನಿಗೆ ಹಳೆಯ ಕೆಮ್ಮು. ವೀಸಾ ಆದ ದಿನದಿಂದ ಅಕ್ಕಾರು ಮುಂಜಾನೆ ಎದ್ದ ಕೂಡಲೇ ಫೋನ್ ಮಾಡುತ್ತಿದ್ದರು. "ಸುಮ್ಮಿ, ನಿನ್ನ ಗಂಡ ಹೆಂಗದಾನ? ಕೆಮ್ಮು ಕಡಿಮಿ ಆತೇನು? ತಣ್ಣನ್ನ ನೀರು ಕುಡಿಬ್ಯಾಡಂತ ಹೇಳು. ಗಾಡಿ ಸಾವಕಾಶ ಹೊಡಿ ಅನ್ನು." ಇಷ್ಟು ವರ್ಷದ ಸಂಸಾರದಲ್ಲಿ ಅವನ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ಯಾರೂ ಮಾಡಿರಲಿಲ್ಲ, ನಾನೂ ಸೇರಿ.

ವಿಮಾನ ನಿಲ್ದಾಣ

ವಿಮಾನದ ಸುದ್ದಿ ಬಹಳ ಹೇಳುವುದಿಲ್ಲ. ಅಕ್ಕಾರು ಕಿಡಕಿ ತೆಗೆಯಲು ನೋಡಿದರು, ಅದು ತೆರೆಯಲಿಲ್ಲ.

ಇಳಿದ ಮೇಲೆ ಸುಂಕದವರು ನಮ್ಮ ಚೀಲ ಬಿಚ್ಚಿಸಿದರು. ನೀಲಿ ಅಂಗಿಯ ಹೆಣ್ಣುಮಗಳೊಬ್ಬಳು ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಉತ್ತತ್ತಿ, ಬಾಡಿದ ಎಲೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹೊಂದಿಸಿಟ್ಟಳು. ಥೇಟ್ ಉಡಿ ತುಂಬುವ ತಟ್ಟೆಯ ಹಾಗೆಯೇ ಕಾಣಿಸಿತು. ಇವೆಲ್ಲ ಯಾವುದಕ್ಕೆ ಎಂದು ಕೇಳಿದಳು.

"ನಿಮ್ಮ ರಾಜಕುಮಾರಿಯ ಮಡಿಲಿಗೆ ಹಾಕುವುದಕ್ಕೆ," ಎಂದೆ ನಾನು, ಸತ್ಯವನ್ನೇ.

ಅವಳು ಹೋಗಿ ತನ್ನ ಮೇಲಿನವನನ್ನು ಕರೆತಂದಳು. ಅವನು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮುಖ ಸಪ್ಪೆ ಮಾಡಿಕೊಂಡು ಇನ್ನೂ ಮೇಲಿನವನನ್ನು ಕರೆತಂದ. ಕಡೆಗೆ ಕುಪ್ಪಸದ ಖಣವೊಂದನ್ನು ಬಿಟ್ಟು ಎಲ್ಲವನ್ನೂ ಇಟ್ಟುಕೊಂಡರು. ಹೊರಗಿನ ಕಾಳುಕಡಿ ಅವರ ದೇಶದೊಳಗೆ ಬರುವಂತಿಲ್ಲವಂತೆ. ನಾನು ವಾದ ಮಾಡಲು ಹೋದೆ, ಅಕ್ಕಾರು ತಡೆದರು.

"ಇರ್ಲಿ ಬಿಡು, ಅಕಿನೂ ಹೆಣಮಗಳು. ಕಾಯಿ ತಗೊಂಡಾಳ ಅಂದ್ರ ಕುಂಕುಮಾನೂ ಹಚ್ಚೂಣು," ಎಂದು ಪರ್ಸಿನಿಂದ ಕರಡಿಗೆ ತೆಗೆದು ಆ ನೀಲಿ ಅಂಗಿಯವಳ ಹಣೆಗೆ ಕುಂಕುಮ ಹಚ್ಚಿಯೇಬಿಟ್ಟರು. ಅವಳು ಬೇಡ ಎನ್ನಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ನಾವು ಹೊರಗೆ ಬರುವಾಗ ತಿರುಗಿ ನೋಡಿದೆ. ಹಾಗೇ ನಿಂತು ಮುಂದಿನವರ ಚೀಲ ಬಿಚ್ಚುತ್ತಿದ್ದಳು.

ಮಾರ್ಗಿಟ್‌ಳ ಮನೆ

ನಮ್ಮನ್ನು ಇಳಿಸಿಕೊಂಡವಳು ಆ ಸಂಸ್ಥೆಯ ಹಳೆಯ ಸದಸ್ಯೆ ಮಾರ್ಗಿಟ್. ಒಂಟಿ ಮುದುಕಿ. ಕೈಯಲ್ಲಿ ಯಾವಾಗಲೂ ಉಲನ್ನು, ಹೆಣೆಯುವ ಕಡ್ಡಿ. ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ತಣ್ಣನೆಯ ಸೌತೆಕಾಯಿ, ಜೊತೆಗೆ ತಣ್ಣನೆಯ ಹಾಲು. ಬಿಸಿಯಾಗಿದ್ದದ್ದು ಮೇಜಿನ ನಡುವಿನ ಮೇಣದಬತ್ತಿಯೊಂದೇ. ಹಾಡುಹಗಲಲ್ಲೂ ಅದನ್ನು ಹಚ್ಚಿಡುತ್ತಾರೆ. ನಮ್ಮಲ್ಲಿ ಕರೆಂಟ್ ಹೋದರೆ ಬೈದುಕೊಂಡು ಹಚ್ಚುವುದನ್ನು ಇವರು ಖುಷಿಯಿಂದ ಹಚ್ಚುತ್ತಾರೆ. ಊಟದಲ್ಲಿ ಯಾರೂ ಮಾತಾಡುವುದಿಲ್ಲ, ಇನ್ನಷ್ಟು ಹಾಕಿಕೊಳ್ಳಿ ಎಂದು ಬಲವಂತವನ್ನೂ ಮಾಡುವುದಿಲ್ಲ. ಒಮ್ಮೆ ಸಾಕು ಎಂದರೆ ಮುಗಿಯಿತು. ಮರ್ಯಾದೆಗೆ ಸಾಕು ಎಂದಿದ್ದ ನಾನು ಮೊದಲ ದಿನ ಅರೆಹೊಟ್ಟೆಯಲ್ಲಿ ಎದ್ದೆ.

ರಾಜಕುಮಾರಿಯ ಬದುಕನ್ನು ನಮಗೆ ಹೇಳಿದವಳು ಮಾರ್ಗಿಟ್. ಚಿಕ್ಕವಳಿದ್ದಾಗ ಅರಮನೆಯ ಕುದುರೆಯಿಂದ ಬಿದ್ದು ಹಲ್ಲು ಮುರಿದುಕೊಂಡಳಂತೆ. ದನದ ಡಾಕ್ಟರ್ ಆಗುತ್ತೇನೆಂದು ಹಟ ಹಿಡಿದರೆ ಅಪ್ಪ ಒಪ್ಪಲಿಲ್ಲವಂತೆ. ಅದಕ್ಕೇ ದೊಡ್ಡವಳಾದ ಮೇಲೆ ಮುದಿ ಕತ್ತೆಗಳ ಆಶ್ರಮಕ್ಕೆ ಪೋಷಕಿಯಾದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಕುರುಡರ ಶಾಲೆ, ದೀಪಸ್ತಂಭ ಕಾಯುವವರ ಸಂಘ, ಎಡಚರ ಸಂಘ, ಜೇನು ಸಾಕುವವರು, ಗಾಯಗೊಂಡ ಮುಳ್ಳುಹಂದಿಗಳ ಆಸ್ಪತ್ರೆ. ಎಲ್ಲದಕ್ಕೂ ಅವಳೇ ಪೋಷಕಿ, ಎಲ್ಲದರ ವಾರ್ಷಿಕೋತ್ಸವಕ್ಕೂ ಅವಳು ಅದೇ ಹಸಿರು ಕೋಟು ಹಾಕಿಕೊಂಡು ಹೋಗಲೇಬೇಕು. ನಮ್ಮ ಕಡೆ ಪ್ರತಿ ಲಗ್ನಪತ್ರಿಕೆಯಲ್ಲೂ ಮಾಜಿ ಶಾಸಕರ ಹೆಸರಿರುತ್ತದಲ್ಲ, ಹಾಗೆ. ಆದರೆ ಇವಳು ನಿಜವಾಗಿಯೂ ಹೋಗುತ್ತಾಳೆ, ಊಟ ಮುಗಿಯುವ ತನಕ ಕೂಡುತ್ತಾಳೆ.

"ಕತ್ತಿ, ಮುಳ್ಳುಹಂದಿ, ನಡುವ ನಮ್ಮ ಹುಡುಗ್ಯಾರು," ಎಂದು ಅಕ್ಕಾರು ನಿಟ್ಟುಸಿರು ಬಿಟ್ಟರು. ಆಮೇಲೆ ತಮಗೆ ಬೇಕಾದ ಮುಖ್ಯ ಪ್ರಶ್ನೆಯನ್ನು ನನ್ನಿಂದ ಕೇಳಿಸಿದರು. ರಾಜಕುಮಾರಿಯ ಗಂಡ ಏನು ಮಾಡುತ್ತಾರೆ?

"ಅವಳು ಮದುವೆಯಾಗಲಿಲ್ಲ," ಎಂದಳು ಮಾರ್ಗಿಟ್.

"ಯಾಕಂತ ಕೇಳು."

ಕೇಳಿದೆ. ಮಾರ್ಗಿಟ್ ಹೆಣೆಯುವುದನ್ನು ನಿಲ್ಲಿಸಿ, "ಇವರು ಯಾಕೆ ಆಗಲಿಲ್ಲ?" ಎಂದು ಅಕ್ಕಾರ ಕಡೆ ಗದ್ದ ತೋರಿಸಿದಳು.

ನಾನು ಅನುವಾದ ಮಾಡಲು ಹೆದರಿದೆ. ಅಕ್ಕಾರಿಗೆ ಅನುವಾದವೇ ಬೇಕಾಗಲಿಲ್ಲ. "ನನಗ ಪುರಸೊತ್ತ ಸಿಗಲಿಲ್ಲಂತ ಹೇಳು," ಎಂದು ಎದ್ದು ಬಟ್ಟಲು ತೊಳೆಯಲು ಹೋದರು. ಬಟ್ಟಲು ಅದಾಗಲೇ ತೊಳೆದಾಗಿತ್ತು.

ಅಂಗಡಿ

ಉಡಿಯ ಸಾಮಾನು ಮತ್ತೆ ಹೊಂದಿಸಬೇಕಾಗಿತ್ತು. ಮಾರ್ಗಿಟ್ ನಮ್ಮನ್ನು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಬೇಸಿಗೆ ಎನ್ನುತ್ತಿದ್ದರು, ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಅಂಗಡಿಯ ಬಾಗಿಲ ಹೊರಗೆ ಒಂದು ತಳ್ಳುಗಾಡಿ. ಅದರೊಳಗೆ ಒಂದು ಕೂಸು, ಗಾಢ ನಿದ್ದೆಯಲ್ಲಿ. ಸುತ್ತ ಒಂದು ನರಪಿಳ್ಳೆ ಇಲ್ಲ.

ಅಲ್ಲಿ ಕೂಸುಗಳನ್ನು ಹೊರಗಿನ ಗಾಳಿಯಲ್ಲೇ ಮಲಗಿಸುವುದು, ತಾಯಿ ಒಳಗೆ ಸಂತೆ ಮಾಡುವುದು ಪದ್ಧತಿಯಂತೆ. ಗಾಳಿಗೆ ಕೂಸು ಗಟ್ಟಿಯಾಗುತ್ತದಂತೆ. ಇದನ್ನು ಮಾರ್ಗಿಟ್ ನಮಗೆ ಹೇಳಿದ್ದು ಆಮೇಲೆ. ನಾನು ಅಕ್ಕಿಯ ಸಾಲು ಹುಡುಕುತ್ತಿದ್ದಾಗ ಹಿಂದಿನಿಂದ ಪರಿಚಿತ ದನಿ ಕೇಳಿಸಿತು. ಪ್ರಾರ್ಥನೆಯ ಸಾಲಿನಲ್ಲಿ ನೂರಾರು ಮಕ್ಕಳನ್ನು ಗಪ್‌ಚಿಪ್ ಮಾಡುತ್ತಿದ್ದ ದನಿ ಅದು.

"ಯಾರದ್ರೀ ಈ ಕೂಸು? ಹಿಂತಾ ಥಂಡ್ಯಾಗ ಹೊರಗ ಬಿಟ್ಟೀರಲ್ಲ, ಹೊಟ್ಟಿ ಸಂಕಟ ಇಲ್ಲೇನ್ರಿ ನಿಮಗ?"

ಅಕ್ಕಾರು ಗಾಡಿಯನ್ನು ಒಳಗೆ ತಳ್ಳಿಕೊಂಡು ಬಂದು ಟೊಮ್ಯಾಟೊ ರಾಶಿಯ ಮುಂದೆ ನಿಂತಿದ್ದರು. ಇಡೀ ಅಂಗಡಿ ತಿರುಗಿ ನೋಡಿತು. ತಾಯಿ ಬಿಳಚಿಕೊಂಡು ಓಡಿಬಂದಳು. ನಾನು ಎಷ್ಟು ಇಂಗ್ಲಿಷ್ ಬರುತ್ತದೋ ಅಷ್ಟನ್ನೂ ಬಳಸಿ ಕ್ಷಮೆ ಕೇಳಿದೆ. ಅಕ್ಕಾರು ಮಾತ್ರ ತಾಯಿಗೆ ಕೂಸಿನ ಕಿವಿ ಮುಚ್ಚುವಂತೆ ಅರಿವೆ ಕಟ್ಟುವುದನ್ನು ಮಾಡಿಯೇ ತೋರಿಸಿ, ಬೆನ್ನು ತಟ್ಟಿ ಕಳಿಸಿದರು. ಪಾಪ, ಆ ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ಹೆದರಿಕೆಯಿಂದ ಹೇಳಿದಳೋ ನಿಜವಾಗಿ ಹೇಳಿದಳೋ ಗೊತ್ತಿಲ್ಲ.

ಅಕ್ಕಿ ಸಿಕ್ಕಿತು. ಅರಿಶಿನ ಪುಡಿ ಸಿಕ್ಕಿತು, ಕೊಂಬು ಸಿಗಲಿಲ್ಲ. ತೆಂಗಿನಕಾಯಿಯೂ ಸಿಕ್ಕಿತು. ಆದರೆ ಅದರ ತಲೆಯನ್ನು ನುಣ್ಣಗೆ ಬೋಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಜುಟ್ಟಿಲ್ಲದ ಕಾಯಿಯನ್ನು ಉಡಿಗೆ ಹಾಕುವುದುಂಟೇ? "ಬೋಳಕಾಯಿ ಹೆಂಗ ಹಾಕೂದು? ಅಪಶಕುನ," ಎಂದು ಅಕ್ಕಾರು ಅದನ್ನು ಹಿಡಿದುಕೊಂಡು ಮಂಕಾಗಿ ಕುಳಿತರು. ಹಾಸ್ಟೆಲಿನ ಭವಿಷ್ಯವೆಲ್ಲ ಆ ಬೋಳುತಲೆಯ ಮೇಲೆ ನಿಂತಂತೆ ನನಗೂ ಅನ್ನಿಸಿತು, ನಗಲು ಧೈರ್ಯ ಬರಲಿಲ್ಲ.

ಮಾರ್ಗಿಟ್‌ಗೆ ಏನು ಅರ್ಥವಾಯಿತೋ, ಮನೆಗೆ ಬಂದು ಕಡ್ಡಿ ಹಿಡಿದಳು. ಸಂಜೆಯ ಕಾಫಿ ಹೊತ್ತಿಗೆ ತೆಂಗಿನಕಾಯಿ ಕೆಂಪು ಉಲನ್ ಕುಲಾವಿ ಹಾಕಿಕೊಂಡು ಕುಳಿತಿತ್ತು. ಕುಲಾವಿಯ ತುದಿಗೆ ಉದ್ದನೆಯ ಜುಟ್ಟು. ಅಕ್ಕಾರು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು.

"ಅಗ ಬಾಯಿ!" ಎಂದರು. ಮಹಾರಾಷ್ಟ್ರ ಹತ್ತಿರದ ಇಂಡಿಯವರಾದ್ದರಿಂದ ಬಹಳ ಖುಷಿಯಾದರೆ ಅವರಿಗೆ ಮರಾಠಿ ಬರುತ್ತದೆ.

ತಾಲೀಮು

ಚಹಾಕ್ಕೆ ಮುಂಚೆ ಅರಮನೆಯವರು ಎಲ್ಲ ಅತಿಥಿಗಳಿಗೂ ಒಂದು ತಾಲೀಮು ಇಟ್ಟಿದ್ದರು. ಕಡ್ಡಿಯಂಥ ಅಧಿಕಾರಿಯೊಬ್ಬ ನಿಯಮ ಹೇಳಿದ. ರಾಜಕುಮಾರಿಯನ್ನು ಮುಟ್ಟಬಾರದು. ಅವರು ಮಾತಾಡಿಸಿದರೆ ಮಾತ್ರ ಮಾತಾಡಬೇಕು. ಕೈಗೆ ಏನನ್ನೂ ಕೊಡಬಾರದು. ಮುಖ್ಯವಾಗಿ, ಏನನ್ನೂ ಬೇಡಬಾರದು.

"ನಾವು ಬೇಡಾಕ ಬಂದಿಲ್ರಿ, ಕೊಡಾಕ ಬಂದೇವಿ," ಎಂದರು ಅಕ್ಕಾರು. ನಾನು ಮೊದಲರ್ಧ ಮಾತ್ರ ಅನುವಾದಿಸಿದೆ. ಅಧಿಕಾರಿ ಮೆಚ್ಚಿ ತಲೆದೂಗಿದ.

ಹೆಂಗಸರು ಒಂದು ಕಾಲನ್ನು ಹಿಂದೆ ಸರಿಸಿ ಮೊಣಕಾಲು ಬಗ್ಗಿಸಿ ವಂದಿಸಬೇಕಂತೆ. "ನನ್ನ ಮಣಕಾಲ ಡಾಕ್ಟರಗ ಬಗ್ಗಿಲ್ಲ, ಇವರಿಗೇನ್ ಬಗ್ಗತೈತಿ," ಎಂದು ಅಕ್ಕಾರು ಕೈಮುಗಿದು ಪಾರಾದರು. ನನಗೆ ಮಾತ್ರ ಆ ವಂದನೆ ಬಹಳ ಹಿಡಿಸಿತು. ಮಾರ್ಗಿಟ್‌ಳ ಕನ್ನಡಿಯ ಮುಂದೆ ಮಾಡಿದ್ದೇ ಮಾಡಿದೆ. ನೈಟಿಯಲ್ಲಿ ಬಹಳ ಚಂದ ಬರುತ್ತಿತ್ತು.

ಅರಮನೆಗೆ ಹೊರಡುವ ದಿನ ಮುಂಜಾನೆ ಗಂಡನಿಗೆ ಫೋನ್ ಮಾಡಿದೆ. ನಾನು ಮಾತಾಡುವ ಮುಂಚೆಯೇ ಅವನು, "ನಾ ಬದುಕೇನಿ ಅಂತ ಅಕ್ಕಾರಿಗೆ ಹೇಳು," ಎಂದು ಕೆಮ್ಮಿದ.

ಅರಮನೆ

ಬಾಗಿಲಲ್ಲಿ ಕಾವಲಿನವರು ಕುಲಾವಿ ಬಿಚ್ಚಿಸಿ ಕಾಯಿ ನೋಡಿದರು, ನಾಯಿಯಿಂದ ಮೂಸಿಸಿದರು, ಮತ್ತೆ ಅವರೇ ಕುಲಾವಿ ಹಾಕಿ ಕೊಟ್ಟರು. ಒಳಗೆ ಉದ್ದನೆಯ ಸಭಾಂಗಣ. ಎಲ್ಲ ಸಂಸ್ಥೆಗಳವರೂ ಸಾಲಾಗಿ ನಿಂತಿದ್ದರು. ನಮ್ಮ ಪಕ್ಕದಲ್ಲಿ ಕತ್ತೆಗಳ ಆಶ್ರಮದ ದಪ್ಪ ಮನುಷ್ಯ, ಟೈ ಕಟ್ಟಿಕೊಂಡು ಬೆವರುತ್ತಿದ್ದ. ಅವನಿಗೂ ನಮ್ಮಷ್ಟೇ ಹೆದರಿಕೆ ಎಂದು ತಿಳಿದು ಸಮಾಧಾನವಾಯಿತು.

ರಾಜಕುಮಾರಿ ಬಂದರು. ಎತ್ತರದ ಹೆಂಗಸು, ಬೆಳ್ಳಗಿನ ಕ್ರಾಪು, ಪ್ಯಾಂಟು, ಮೊಣಕೈ ಹತ್ತಿರ ತೇಪೆ ಹಾಕಿದ ಸ್ವೆಟರ್. ಹಿಂದೆ ಅದೇ ಕಡ್ಡಿ ಅಧಿಕಾರಿ. ನಮ್ಮ ಮುಂದೆ ಬಂದು, "ಬಾಗೇವಾಡಿ!" ಎಂದರು, ಚೆನ್ನಾಗಿಯೇ ಅಂದರು. ಅಕ್ಕಾರು ಉಡಿಯ ತಟ್ಟೆ ಹಿಡಿದುಕೊಂಡೇ ತಲೆ ಬಾಗಿಸಿದರು. ನಾನು ನನ್ನ ವಂದನೆ ಮಾಡಿದೆ.

ನೈಟಿಗೂ ಗಂಜಿ ಹಾಕಿದ ಇಳಕಲ್ ಸೀರೆಗೂ ಇರುವ ಅಂತರ ನನಗೆ ಹೊಳೆದಿರಲಿಲ್ಲ. ಹಿಂದೆ ಸರಿಸಿದ ಕಾಲು ನಿರಿಗೆಯಲ್ಲಿ ಸಿಕ್ಕಿತು. ಬಗ್ಗಿದವಳು ಬಗ್ಗುತ್ತಲೇ ಹೋಗಿ ಅರಮನೆಯ ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತೆ. ಕತ್ತೆಯ ಮನುಷ್ಯ ಎಬ್ಬಿಸಲು ಬಂದ, ಅವನ ಬೂಟು ನನ್ನ ಸೆರಗಿನ ಮೇಲೆ. ಏಳುವ ಹಾಗಿಲ್ಲ. ಎದ್ದರೆ ಸೀರೆ ಅರಮನೆಯಲ್ಲಿ, ನಾನು ಬರೀ ಲಂಗದಲ್ಲಿ.

ತಟ್ಟೆ ಅಕ್ಕಾರ ಕೈಯಲ್ಲಿತ್ತು. ರಾಜಕುಮಾರಿ ಮುಂದಿನವರ ಕಡೆ ಹೊರಡುವುದರಲ್ಲಿದ್ದರು. "ಅಕ್ಕಾರ, ನೀವ ತುಂಬ್ರಿ," ಎಂದೆ ನೆಲದಿಂದ.

ಅಕ್ಕಾರ ಮುಖ ಕಪ್ಪಿಟ್ಟಿತು. "ನಾ ಹೆಂಗ ತುಂಬಲಿ? ನಾ ತುಂಬಬಾರದು. ಗೊತ್ತಿಲ್ಲೇನ ನಿನಗ?"

ಅವರ ಅಷ್ಟು ಸಣ್ಣ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ರಾಜಕುಮಾರಿ ನಿಂತು, ಅವರು ಏನೆಂದರು ಎಂದು ನನ್ನನ್ನು ಕೇಳಿದರು. ನಿಯಮದ ಪ್ರಕಾರ ಈಗ ನಾನು ಮಾತಾಡಬಹುದಿತ್ತು. ಎಲ್ಲವನ್ನೂ ಹೇಳಿದೆ. ಇದು ನಮ್ಮಲ್ಲಿ ಮನೆಮಗಳಿಗೆ ಮಾಡುವ ಮರ್ಯಾದೆ, ಮದುವೆಯಾದವಳೇ ಮಾಡಬೇಕು, ಇವರಿಗೆ ಮದುವೆಯಾಗಿಲ್ಲ, ಅದಕ್ಕೇ ನನ್ನನ್ನು ತಂದದ್ದು, ಆದರೆ ನಾನು ನೀವೇ ನೋಡುತ್ತಿರುವಂತೆ ಕುಳಿತುಬಿಟ್ಟಿದ್ದೇನೆ.

"ನನಗೂ ಮದುವೆಯಾಗಿಲ್ಲ," ಎಂದರು ರಾಜಕುಮಾರಿ. "ಹಾಗಾದರೆ ನಮ್ಮಿಬ್ಬರಿಗೂ ಸರಿಹೋಗುತ್ತದೆ. ಎಲ್ಲಿ ಹಾಕಬೇಕು?"

ನಾನು ನನ್ನ ಸೆರಗಿನಲ್ಲಿ ತೋರಿಸಲು ಹೋದೆ, ಅದು ಬೂಟಿನ ಕೆಳಗಿತ್ತು. ಅವರಿಗೆ ಅಷ್ಟರಲ್ಲೇ ತಿಳಿಯಿತು. ಸ್ವೆಟರಿನ ಅಂಚನ್ನು ಎರಡೂ ಕೈಯಿಂದ ಮುಂದಕ್ಕೆ ಎಳೆದು ಮಡಿಲು ಮಾಡಿ ನಿಂತರು. ಕಡ್ಡಿ ಅಧಿಕಾರಿ ಕೆಮ್ಮಿದ, ಯಾರೂ ಲಕ್ಷ್ಯ ಕೊಡಲಿಲ್ಲ.

ಅಕ್ಕಾರು ಕುಂಕುಮ ಹಚ್ಚಿದರು, ಅಕ್ಕಿ ಹಾಕಿದರು, ಖಣ ಇಟ್ಟರು, ಮೇಲೆ ಕುಲಾವಿಯ ಕಾಯಿ ಕೂಡಿಸಿದರು. ಸ್ವೆಟರ್ ಮೊಣಕಾಲಿನವರೆಗೆ ಜಗ್ಗಿತು. ರಾಜಕುಮಾರಿ ಕಾಯಿಯನ್ನೇ ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಹೇಳಿದರು. ಇಷ್ಟು ದೂರ ಬಂದವರಿಗೆ ಸುಳ್ಳು ಹೇಳಲಾರೆ, ದೇಶದ ಹೊರಗಿನ ಪೋಷಕತ್ವಗಳನ್ನೆಲ್ಲ ಬಿಡಬೇಕೆಂದು ಅರಮನೆಯಲ್ಲಿ ತೀರ್ಮಾನವಾಗಿಬಿಟ್ಟಿದೆ, ನಿಮ್ಮದೂ ಅದರಲ್ಲಿದೆ.

ನಾನು ಅನುವಾದಿಸಿದೆ. ಅರ್ಧ ಹೇಳುವಷ್ಟರಲ್ಲೇ ಅಕ್ಕಾರಿಗೆ ತಿಳಿಯಿತು.

"ಆತು. ಪೋಷಕಿ ಆಗೂದು ಬಿಡೂದು ಅರಮನಿ ಮಂದಿ ಮಾತು," ಎಂದರು. "ಆದ್ರ ಮಗಳಾಗೂದು ಇನ್ನ ಬಿಡಾಕ ಬರೂದಿಲ್ಲಂತ ಹೇಳು. ಹಾಸ್ಟೆಲ್ ಇರ್ಲಿ, ಬಿಡ್ಲಿ, ನಾಗರಪಂಚಮಿಗೆ ಬರಬೇಕು. ಉಂಡಿ ಕಟ್ಟಿರ್ತೇವಿ, ಜೋಕಾಲಿ ಕಟ್ಟಿರ್ತೇವಿ. ತಾವಾಗಿ ಬರದಿದ್ರ ಕರಿಯಾಕ ಮಂದಿ ಕಳಸ್ತೇನಿ."

"ಯಾರನ್ನು ಕಳಿಸುತ್ತಾರೆ?" ರಾಜಕುಮಾರಿ ಕೇಳಿದರು.

ಅಕ್ಕಾರು ನೆಲದ ಮೇಲಿದ್ದ ನನ್ನ ಕಡೆ ಬೆರಳು ಮಾಡಿದರು. "ಇಕಿ ಗಂಡನ್ನ. ಕರಿಯಾಕ ಅಣ್ಣ ಬೇಕಲ್ಲ. ಕೆಮ್ಮು ಕಡಿಮಿ ಆಗಿಂದ ಬರ್ತಾನ."

ರಾಜಕುಮಾರಿ ನಕ್ಕರು. ಕುಲಾವಿಯ ಜುಟ್ಟು ಕುಣಿಯುವ ಹಾಗೆ ನಕ್ಕರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಮಗಳಾಗುವುದನ್ನು ಬಿಡಿಸುವ ನಿಯಮ ಏನಾದರೂ ಇದೆಯೇ?" ಎಂದು ಕೇಳಿದರು.

ಎಲ್ಲದಕ್ಕೂ ನಿಯಮವಿದ್ದ ಆ ಮನುಷ್ಯ "ಇಲ್ಲ," ಎಂದ.

"ಹಾಗಾದರೆ ಬಾಗೇವಾಡಿಯನ್ನು ನಾನು ಪೋಷಕಿಯಾಗಿರುವ ಕಡೆಗಳಿಂದ ತೆಗೆದುಬಿಡಿ. ಅದು ಇನ್ನು ನನ್ನ ತವರು. ತವರಿನ ಹುಡುಗಿಯರನ್ನು ನನ್ನ ಸ್ವಂತ ದುಡ್ಡಿನಿಂದ ನೋಡಿಕೊಳ್ಳುತ್ತೇನೆ. ನಾನು ಸತ್ತ ಮೇಲೂ ನಡೆಯುವಂತೆ ಮಾಡಿಸಿರಿ."

ನಾನು ಅನುವಾದ ಮಾಡುವ ಬದಲು ಅತ್ತೆ. ಕತ್ತೆಯ ಮನುಷ್ಯನೂ ಅತ್ತ, ಬೂಟು ತೆಗೆದ. ನಾನು ಎದ್ದೆ. ಎದ್ದು ಅಕ್ಕಾರಿಗೆ ಹೇಳಿದಾಗ ಅವರು ನಂಬದೆ, ಸರಿಯಾಗಿ ಕೇಳಿಸಿಕೊಂಡೆಯಾ ಎಂದು ಇನ್ನೊಮ್ಮೆ ಕೇಳಿಸಿದರು. ರಾಜಕುಮಾರಿ ಇನ್ನೊಮ್ಮೆ ಹೇಳಿದರು.

ಇನ್ನೇನು ಬಾಕಿ ಇದೆ ಎಂದು ಅವರು ಕೇಳಿದ್ದಕ್ಕೆ, ತುಂಬಿಸಿಕೊಂಡವರು ತುಂಬಿದವರಿಗೆ ನಾಲ್ಕು ಕಾಳು ತಿರುಗಿ ಹಾಕಬೇಕು ಎಂದೆ. ನಾಲ್ಕು ಕಾಳಿನ ಲೆಕ್ಕ ಅವರಿಗೆಲ್ಲಿ ಗೊತ್ತು? ಕಾಯಿಯನ್ನು ಅಧಿಕಾರಿಯ ಕೈಗೆ ಕೊಟ್ಟು ಬೊಗಸೆ ತುಂಬ ಅಕ್ಕಿ ಎತ್ತಿದರು. ಅಕ್ಕಾರಿಗೆ ಸೆರಗು ಹೇಗೆ ಒಡ್ಡಬೇಕೆಂದೂ ತಿಳಿಯಲಿಲ್ಲ. ನಾನು ಹಿಡಿದುಕೊಟ್ಟೆ. ಅಕ್ಕಿ ಬಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕಾರು ಆ ಸೆರಗನ್ನು ಎರಡೂ ಕೈಯಿಂದ ಹೊಟ್ಟೆಗೆ ಹಿಡಿದು ಕುಳಿತಿದ್ದರು. ಚೀಲದಲ್ಲಿ ಹಾಕುತ್ತೇನೆ ಕೊಡಿ ಎಂದರೂ ಕೊಡಲಿಲ್ಲ. ಮೂಗು ಸೋರುತ್ತಿತ್ತು, ನಾನೇ ಒರೆಸಿದೆ. ಬಹಳ ಹೊತ್ತಿನ ಮೇಲೆ ನನ್ನ ಕಡೆ ನೋಡದೆ ಕೇಳಿದರು.

"ಸುಮ್ಮಿ, ಉಡಿ ಅಂದ್ರ ಇಷ್ಟ ಭಾರ ಇರತೈತೇನ? ನೀವೆಲ್ಲ ಅದನ್ನ ಹಿಡಕೊಂಡು ಸಾವಕಾಶ ನಡ್ಯಾಕತ್ರ, ಡೌಲ ಮಾಡಾಕತ್ತೀರಿ ಅಂತ ತಿಳದಿದ್ನಲ್ಲ."